ಮುಂದೆ ನಿಂತು ಕೇಳದ ಸದ್ದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಸ್ತೆಯ ತಿರುವಿನಲ್ಲಿ ಹಲಗೆ ಜೋಡಿಸಿ ಕಟ್ಟಿದ ಪುಟ್ಟ ವೇದಿಕೆ. ಇನ್ನು ಸ್ವಲ್ಪ ಹೊತ್ತಿಗೆ ಓಟದ ಸ್ಪರ್ಧೆಯವರು ಏದುಸಿರು ಬಿಡುತ್ತಾ ಈ ತಿರುವು ದಾಟುತ್ತಾರೆ. ಅವರ ಕಾಲಿಗೆ ಹುರುಪು ಬರಲಿ ಅಂತ ಇಲ್ಲೊಂದು ವಾದ್ಯತಂಡ ನುಡಿಸಬೇಕು. ಹಾಡುವವರು ಇನ್ನೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿರಬಹುದು. ಡ್ರಮ್ ನುಡಿಸುವವರಿಗೆಲ್ಲಿದೆ ಆ ಭಾಗ್ಯ? ಎಲ್ಲರಿಗಿಂತ ಮೊದಲು ಬಂದು ಜೋಡಿಸಬೇಕು, ಎಲ್ಲರೂ ಹೋದ ಮೇಲೆ ಬಿಚ್ಚಬೇಕು.

ವ್ಯಾನಿನ ಹಿಂಬಾಗಿಲು ತೆಗೆದು ಒಬ್ಬ ಹೆಂಗಸು ಎರಡು ಚೀಲ ಇಳಿಸುತ್ತಾರೆ. ಐವತ್ತು ದಾಟಿದ ಗಟ್ಟಿ ಮೈ, ಬಿಗಿಯಾಗಿ ಕಟ್ಟಿದ ಕೂದಲು, ಹೆಬ್ಬೆರಳಿನ ಒಳಬದಿಯಲ್ಲಿ ಕೋಲು ಹಿಡಿದು ಹಿಡಿದು ಕಲ್ಲಾದ ಚರ್ಮ. ಒಂದು ಚೀಲ ಹೆಗಲಿಗೆ, ಇನ್ನೊಂದು ಕೈಗೆ. ಚೀಲದೊಳಗೆ ದೊಡ್ಡ ಡ್ರಮ್ಮಿನ ಹೊಟ್ಟೆಯಲ್ಲಿ ಚಿಕ್ಕದು, ಅದರ ಹೊಟ್ಟೆಯಲ್ಲಿ ಇನ್ನೂ ಚಿಕ್ಕದು, ಪಾತ್ರೆ ಅಂಗಡಿಯಲ್ಲಿ ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ. ಒಂದೇ ಸಲಕ್ಕೆ ಎಲ್ಲವೂ ವೇದಿಕೆಯ ಮೇಲೆ ಬಂದು ಕೂತಾಯಿತು. ಉಸಿರು ಕೂಡ ಏರಿಲ್ಲ. ಅಷ್ಟಾಗಿಯೂ ಅವರ ಮುಖ ಮಾತ್ರ ಹುಳ್ಳಗಿದೆ.

“ಹಗುರ ಆಗಿದೆ ಅನ್ನೋದಕ್ಕೇ ಹೊಟ್ಟೆ ಉರಿಯುತ್ತೆ,” ಎನ್ನುತ್ತಾರೆ. “ಹೂವಿನ ಹಾಗೆ ಎತ್ಕೊಂಡು ಬರ್ತೀನಿ ನೋಡಿ. ಇಷ್ಟು ಸುಲಭವಾಗಿ ಮುಗಿಯೋ ಕೆಲಸಕ್ಕೆ ಆ ಮನುಷ್ಯನ ತೋಳು ತಿಂದ್ಹಾಕ್ಬಿಟ್ಟೆನಲ್ಲಾ ನಾನು!”

ಆ ಮನುಷ್ಯ ಎಂದರೆ ಅವರ ಗಂಡ. ವ್ಯಾನಿನ ಮುಂಬಾಗಿಲಿನಿಂದ ಆಗಷ್ಟೇ ಇಳಿದು ನಿಂತಿದ್ದಾರೆ. ಕಂಕುಳಲ್ಲಿ ಚಹಾದ ಫ್ಲಾಸ್ಕು, ಎಡಗೈಯಲ್ಲಿ ಹೆಂಡತಿಯ ಸ್ಟೂಲು. ಬಲಗೈ ಸುಮ್ಮನೆ ಪಕ್ಕದಲ್ಲಿ ಇಳಿಬಿದ್ದಿದೆ. “ಸ್ಟೂಲು ನಾನೇ ತರ್ತೀನಿ ಅಂದಿರಲಿಲ್ವಾ?” ಎಂದು ಹೆಂಡತಿ ಗದರಿದರೆ, “ನೀನು ಎಲ್ಲಾ ಹೊತ್ರೆ ನಾನು ಇಲ್ಲಿಗೆ ಬಂದಿದ್ದಾದ್ರೂ ಯಾಕೆ, ಓಟಕ್ಕಾ?” ಎಂದು ನಗುತ್ತಾರೆ.

ತಂಡದವರಿಗೆಲ್ಲ ಆಕೆ ‘ದಡಬಡಕ್ಕ’. ಅಕ್ಕನ ಗಂಡ ಆದ್ದರಿಂದ ಇವರು ‘ಭಾವ’. ಮದುವೆ ಮನೆ, ಹುಟ್ಟುಹಬ್ಬ, ಹೋಟೆಲಿನ ಊಟದ ಹಾಲ್, ಕಾಲೇಜಿನ ಅಂಗಳ ಅಂತ ಈ ಊರಲ್ಲಿ ಅಕ್ಕ ಡ್ರಮ್ ಬಾರಿಸದ ಜಾಗ ಹುಡುಕಬೇಕು. ಆದರೆ ಅವರ ಮುಖ ಕಂಡವರು ಕಡಿಮೆ. ಹಾಡುವವರ ಬೆನ್ನ ಹಿಂದೆ, ಸಿಂಬಲ್ ತಟ್ಟೆಗಳ ಮರೆಯಲ್ಲಿ ಕೂತವರನ್ನು ಯಾರು ನೋಡುತ್ತಾರೆ? ಒಂದು ಮದುವೆಯಲ್ಲಿ ವಧುವಿನ ತಾಯಿ ತಂಡದವರಿಗೆಲ್ಲ ಹೂಗುಚ್ಛ ಕೊಟ್ಟು, ಅಕ್ಕನ ಸರದಿ ಬಂದಾಗ, “ಸ್ವಲ್ಪ ಈ ಕುರ್ಚಿ ಆಚೆ ಇಡಮ್ಮ” ಅಂದರಂತೆ. ಅಕ್ಕ ಕುರ್ಚಿಯನ್ನೂ ಇಟ್ಟು ಬಂದರಂತೆ. “ಇಡದೆ ಏನ್ಮಾಡ್ಲಿ, ಅಡ್ಡಾನೇ ಇತ್ತು!”

ಡ್ರಮ್ ಹುಚ್ಚು ಅಂಟಿದ್ದು ಸೋದರಮಾವನ ವಾದ್ಯತಂಡದಲ್ಲಿ. ರಜೆಯಲ್ಲಿ ಮಾವನ ಮನೆಗೆ ಹೋದ ಹುಡುಗಿ ತಾಲೀಮಿನ ಕೋಣೆ ಬಿಟ್ಟು ಏಳಲಿಲ್ಲ. ಹೆಣ್ಣುಮಗಳು ಹೀಗೆ ಕೂತು ಬಡಿಯುವುದೇ ಅಂತ ಮನೆಯ ಹಿರಿಯರು ಮೂಗು ಮುರಿದರು. ಮುರಿದ ಮೂಗು ನೆಟ್ಟಗಾಗುವ ಮೊದಲೇ ಆಕೆ ವೇದಿಕೆ ಏರಿಯಾಗಿತ್ತು. ಹುಡುಗಿ ನೋಡಲು ಬಂದ ವರ, ಆಗ ಹೊಸದಾಗಿ ಕಟಿಂಗ್ ಶಾಪ್ ಇಟ್ಟಿದ್ದವರು, ಕೇಳಿದ್ದು ಒಂದೇ ಪ್ರಶ್ನೆ: “ಮನೇಲಿ ಬಾರಿಸ್ತೀಯೋ, ಹೊರಗೆ ಬಾರಿಸ್ತೀಯೋ?” ಹೊರಗೆ ಎಂದಾಗ, “ಸರಿ ಬಿಡು, ಹೊತ್ಕೊಂಡು ಬರೋಕೆ ನಾನಿದ್ದೀನಿ” ಅಂದರು. ತಮಾಷೆಗೆ ಆಡಿದ ಆ ಮಾತನ್ನು ಅವರು ಮೂವತ್ತು ವರ್ಷ ನಡೆಸಿಕೊಟ್ಟಿದ್ದಾರೆ.

ಬೇರೆಯವರ ಡ್ರಮ್ ಬಾಡಿಗೆಗೆ ಬಾರಿಸಿ ಸಾಕಾಗಿ, ಸ್ವಂತದ್ದು ಕೊಳ್ಳಲು ಇಬ್ಬರೂ ಒಂದು ಮಧ್ಯಾಹ್ನ ಅಂಗಡಿಗೆ ಹೋದರು. ಅಲ್ಲಿ ಎರಡು ಸೆಟ್ ಅಕ್ಕಪಕ್ಕ ಇದ್ದವು. ಒಂದು ದುಬಾರಿಯದು: ದಪ್ಪ ಮರದ ಡ್ರಮ್ಮುಗಳು, ಕನ್ನಡಿಯಂಥ ಹೊಳಪು, ಎತ್ತಲು ಹೋದರೆ ಸೊಂಟ ಹಿಡಿಯುವಷ್ಟು ಭಾರದ ಕಬ್ಬಿಣದ ಸ್ಟ್ಯಾಂಡುಗಳು. ಇನ್ನೊಂದು ತೆಳು ಮರದ್ದು, ಚಿಕ್ಕದು, ಊರೂರು ತಿರುಗಿ ನುಡಿಸುವವರಿಗೆಂದೇ ಮಾಡಿದ್ದು. ಅಕ್ಕ ಎರಡರ ಹಿಂದೆಯೂ ಕೂತು ಬಾರಿಸಿದರು. ಭಾವ ಅಂಗಡಿಯ ಬಾಗಿಲ ಹತ್ತಿರ ನಿಂತು ಕೇಳಿದರು.

“ನನಗೇನೋ ಎರಡೂ ಒಂದೇ ಥರ ಕೇಳಿಸ್ತು ಕಣೆ. ಹಗುರದ್ದೇ ತಗೊಳ್ಳೋಣ, ನಿನಗೂ ಸುಲಭ,” ಅಂದರು.

ಅಕ್ಕನಿಗೆ ರೇಗಿತು. ಅಂಗಡಿಯವರು, ಬೇರೆ ಗಿರಾಕಿಗಳು ಎಲ್ಲರ ಎದುರಿಗೇ ಅಂದುಬಿಟ್ಟರು: “ನಿಮ್ಮ ಕಿವಿಗೆ ಕತ್ತರಿ ಸದ್ದು ಬಿಟ್ರೆ ಇನ್ನೇನು ಕೇಳಿಸುತ್ತೆ?”

ಅಂಗಡಿಯವರು ನಕ್ಕರು. ಭಾವನೂ ನಕ್ಕು, ದೊಡ್ಡ ಸೆಟ್ಟನ್ನು ಹೆಗಲಿಗೇರಿಸಿದರು. “ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ,” ಎಂದು ಅಕ್ಕ ಈಗ ನೆಲ ನೋಡುತ್ತಾ ಹೇಳುತ್ತಾರೆ. “ಇವ್ರು ಅದನ್ನ ಮರೆತಿರಬಹುದು. ನನಗೆ ದಿನಾ ನೆನಪಾಗುತ್ತೆ.”

ಅಲ್ಲಿಂದ ಶುರುವಾಯಿತು ಹೊರುವ ಬಾಳು. ಬೆಳಗ್ಗೆಯಿಂದ ಸಂಜೆವರೆಗೆ ಕತ್ತರಿ ಹಿಡಿದು ನಿಂತ ಕೈಯೇ ಸಂಜೆಯ ಮೇಲೆ ಡ್ರಮ್ಮುಗಳನ್ನು ಎತ್ತುತ್ತಿತ್ತು. ವ್ಯಾನಿಗೆ ಐದು ಸುತ್ತು, ವ್ಯಾನಿನಿಂದ ಹಾಲ್‌ಗೆ ಐದು ಸುತ್ತು, ಮುಗಿದ ಮೇಲೆ ಮತ್ತೆ ಅಷ್ಟೇ. ಕಾರ್ಯಕ್ರಮದ ಹಾಲ್‌ಗಳೆಲ್ಲ ಮಹಡಿಯ ಮೇಲೇ ಯಾಕಿರುತ್ತವೋ, ಲಿಫ್ಟು ಆವತ್ತೇ ಯಾಕೆ ಕೆಡುತ್ತದೋ ದೇವರಿಗೇ ಗೊತ್ತು. ಅಕ್ಕನೂ ಹೊರುತ್ತಿದ್ದರು, ಇಲ್ಲವೆಂದಲ್ಲ. ಆದರೆ ಭಾರದ್ದೆಲ್ಲ ಭಾವನ ಪಾಲು. “ನಿನ್ನ ಕೈ ನುಡಿಸೋ ಕೈ, ನಡುಗಬಾರದು” ಅನ್ನುತ್ತಿದ್ದರಂತೆ. ಕತ್ತರಿ ಹಿಡಿಯುವ ಕೈಯೂ ನಡುಗಬಾರದು ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಒಂದು ಹೋಟೆಲಿನ ಮೆಟ್ಟಿಲ ಮೇಲೆ ಆ ತೋಳು ಕೈಕೊಟ್ಟಿತು. ಬೇಸ್ ಡ್ರಮ್ ಹೊತ್ತು ಹತ್ತುತ್ತಿದ್ದಾಗ ಭುಜದಲ್ಲಿ ಏನೋ ಹರಿದಂತಾಗಿ ಭಾವ ಕೂತರು. ಕೂತರೂ ಡ್ರಮ್ಮನ್ನು ಉರುಳಲು ಬಿಡಲಿಲ್ಲ, ಎದೆಗೆ ಅವುಚಿಕೊಂಡು ಕೂತಿದ್ದರು. ಹಿಂದೆ ಬರುತ್ತಿದ್ದ ಅಕ್ಕ ಓಡಿಬಂದು ಕೇಳಿದ ಮೊದಲ ಮಾತು ಯಾವುದು ಗೊತ್ತೆ?

“ಡ್ರಮ್‌ಗೇನೂ ಆಗ್ಲಿಲ್ಲ ತಾನೇ?”

ಇದನ್ನು ಹೇಳುವಾಗ ಸ್ಟ್ಯಾಂಡಿನ ತಿರುಪು ಬಿಗಿಯುತ್ತಿದ್ದ ಕೈ ನಿಲ್ಲುತ್ತದೆ. “ಬಾಯಿಂದ ಹಾಗೇ ಬಂತು. ಕೇಳ್ತಿದ್ದ ಹಾಗೇ ನಾಲಿಗೆ ಕಚ್ಕೊಂಡೆ. ಇವ್ರು ಮಾತ್ರ, ‘ಒಂದು ಗೀರೂ ಬಿದ್ದಿಲ್ಲ ನೋಡು’ ಅಂತ ತೋರಿಸಿದ್ರು. ಆ ನೋವಲ್ಲೂ ಹೆಮ್ಮೆಯಿಂದ ತೋರಿಸಿದ್ರು.”

ಬಾಗಿಲ ಕೀಲು ಸವೆಯುವ ಹಾಗೆ ಭುಜದ ಕೀಲು ಸವೆದಿದೆ ಎಂದರು ವೈದ್ಯರು. ಈಗ ಬಲಗೈ ಎದೆಯ ಮಟ್ಟದವರೆಗೆ ಬಂದು ನಿಂತುಬಿಡುತ್ತದೆ. ಕ್ಷೌರದವನ ಕೈ ತಲೆಯ ಮಟ್ಟಕ್ಕೆ ಏಳದಿದ್ದರೆ ಆಯಿತೇ? ಅಂಗಡಿಯ ದೊಡ್ಡ ಕುರ್ಚಿಯನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟಿದ್ದಾರೆ. ತಮ್ಮ ಪಾಲಿನ ಕುರ್ಚಿಯನ್ನು ಎಷ್ಟು ಇಳಿಯುತ್ತದೋ ಅಷ್ಟು ಇಳಿಸಿ, ಮಕ್ಕಳನ್ನು ಕೂರಿಸಲು ಅಡ್ಡ ಇಡುವ ಹಲಗೆಯನ್ನು ತೆಗೆದಿಟ್ಟಿದ್ದಾರೆ. ಹಾಗೆ ತಗ್ಗಿನಲ್ಲಿ ಕೂತ ಪುಟ್ಟ ಮಕ್ಕಳ ತಲೆ ಮಾತ್ರ ಅವರ ಕೈಗೆ ಎಟುಕುತ್ತದೆ. “ಮೊದಲು ಊರ ದೊಡ್ಡೋರೆಲ್ಲ ನನ್ನ ಮುಂದೆ ತಲೆ ತಗ್ಗಿಸ್ತಿದ್ರು, ಈಗ ಅಳೋರು ಮಾತ್ರ ಬರ್ತಾರೆ,” ಎಂದು ಅವರೇ ನಗೆಯಾಡುತ್ತಾರೆ. ಹೆಂಡತಿ ನಗುವುದಿಲ್ಲ.

ತೋಳು ಹೋದ ಮೇಲಾದರೂ ಅಕ್ಕ ಹಗುರದ ಸೆಟ್ ತಂದರೇ? ಇಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೂಲಿಯವರನ್ನು ಕರೆದರು, ಒಬ್ಬರೇ ಎಳೆದಾಡಿದರು, ಮೆಟ್ಟಿಲಿರುವ ಹಾಲ್‌ಗಳಿಗೆ ಬರಲ್ಲ ಎಂದರು. ಕರೆಗಳು ಕಡಿಮೆಯಾದವು. “ಆ ತೆಳು ಡಬ್ಬ ಬಡಿಯೋದಕ್ಕಿಂತ ಮನೇಲಿ ಕೂರೋದು ವಾಸಿ” ಎಂದು ತಂಡದವರ ಮೇಲೆ ಹರಿಹಾಯ್ದರು. ಅವರ ಪಾಲಿಗೆ ಆ ದೊಡ್ಡ ಸೆಟ್ಟಿನ ಸದ್ದೇ ಮಾನ. ಅದನ್ನು ಬಿಟ್ಟರೆ ಗಂಡನ ತೋಳು ಯಾವುದಕ್ಕೆ ಹೋಯಿತು ಎಂಬ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ, ಅದೂ ಒಂದು ಭಯ.

ಕೊನೆಗೆ ಹಟ ಬಿಡಿಸಿದ್ದು ‘ಮೀಸೆ’. ಇನ್ನೊಂದು ತಂಡದ ಡ್ರಮ್ಮರ್, ಹಳೆಯ ಸ್ಪರ್ಧಿ, ಹಳೆಯ ಸ್ನೇಹಿತ. “ಹೆತ್ತೋರಿಗೆ ಹೆಗ್ಗಣ ಮುದ್ದು ಕಣಕ್ಕ. ನಿನ್ನ ಸೆಟ್ ಹೇಗೆ ಕೇಳಿಸುತ್ತೆ ಅಂತ ಒಂದ್ಸಲನಾದ್ರೂ ಮುಂದೆ ನಿಂತು ಕೇಳಿದ್ದೀಯಾ?” ಎಂದು ಕೆಣಕಿದರಂತೆ. ಕೇಳಿರಲಿಲ್ಲ. ಕೇಳುವುದಾದರೂ ಹೇಗೆ? ಅಕ್ಕ ತಮ್ಮ ಸ್ಟೂಲಿನ ಮೇಲೆ ಇನ್ನೊಬ್ಬರನ್ನು ಕೂರಿಸಿದವರಲ್ಲ. ಕೂತ ಎತ್ತರ, ಪೆಡಲಿನ ಬಿಗಿ, ತಟ್ಟೆಗಳ ಓರೆ ಯಾವುದೂ ಕೂದಲೆಳೆಯಷ್ಟು ಕದಲಬಾರದು. ಇಷ್ಟು ವರ್ಷ ಆ ಸೆಟ್ ಬಾರಿಸಿದವರು ಅವರೊಬ್ಬರೇ, ಬಾರಿಸುವಾಗ ಅವರು ಇದ್ದದ್ದು ಯಾವಾಗಲೂ ಅದರ ಹಿಂದೆ.

ಪಂಥ ಕಟ್ಟಿಯೇಬಿಟ್ಟರು. ಇಬ್ಬರ ತಂಡಕ್ಕೂ ಕಾರ್ಯಕ್ರಮವಿದ್ದ ಒಂದು ದೊಡ್ಡ ಹಾಲ್. ಜನ ಸೇರುವ ಮೊದಲು ದೊಡ್ಡ ಸೆಟ್ಟನ್ನೂ, ಅಂಗಡಿಯಿಂದ ಪರೀಕ್ಷೆಗೆ ತಂದ ಹಗುರದ ಸೆಟ್ಟನ್ನೂ ಅಕ್ಕಪಕ್ಕ ಇಟ್ಟು, ಎರಡಕ್ಕೂ ಎಂದಿನಂತೆ ಮೈಕ್ ಜೋಡಿಸಿದರು. ಅಕ್ಕ ಹಿಂದಿನ ಗೋಡೆಯ ಹತ್ತಿರ ಹೋಗಿ, ಗೋಡೆಗೆ ಮುಖ ಮಾಡಿ ನಿಂತರು. ಭಾವ ನಡುವಿನ ಸಾಲಿನಲ್ಲಿ ಕೂತರು. ಮೀಸೆ ಒಂದನ್ನು ಬಾರಿಸಿದರು, ಎದ್ದು ಹೋಗಿ ಇನ್ನೊಂದನ್ನು ಬಾರಿಸಿದರು.

“ಎರಡನೇದೇ ನಂದು!” ಅಕ್ಕ ಅಲ್ಲಿಂದಲೇ ಕೂಗಿದರು. “ಆ ಗುಂಗು ಕೇಳಿದ್ರಾ? ಎಲ್ಲಿದ್ರೂ ಗುರುತು ಹಿಡೀತೀನಿ!” ಎನ್ನುತ್ತಾ ತಿರುಗಿದರು.

ಮೀಸೆ ಕೂತಿದ್ದದ್ದು ಹಗುರದ ಸೆಟ್ಟಿನ ಹಿಂದೆ.

ಭಾವ ಥಟ್ಟನೆ ಎದ್ದು, “ಹೌದೌದು, ನಿಂದೇ. ಮೀಸೆ ಈಗಷ್ಟೇ ಎದ್ದು ಆ ಕಡೆಗೆ ಹೋಗಿ ಕೂತ” ಅಂದರು. ಮೀಸೆ ನೆಲ ನೋಡುತ್ತಿದ್ದರು.

“ಮೀಸೆಗೆ ಮೊಣಕಾಲು ನೋವು,” ಎಂದು ಅಕ್ಕ ಹೇಳುತ್ತಾರೆ, ನಗುವೋ ಅಳುವೋ ತಿಳಿಯದ ಮುಖದಲ್ಲಿ. “ಕೂತ್ರೆ ಏಳೋಕೆ ನಾಲ್ಕು ಜನ ಬೇಕು. ನಾನು ತಿರುಗೋದ್ರೊಳಗೆ ಎದ್ದು ಜಾಗ ಬದಲಾಯಿಸಿದ್ನಂತೆ! ಸುಳ್ಳು ಹೇಳೋಕೂ ಬರಲ್ಲ ಈ ಮನುಷ್ಯನಿಗೆ.”

ವ್ಯತ್ಯಾಸವೇ ಇಲ್ಲವೆಂದೇನಲ್ಲ. ಹಿಂದೆ ಕೂತು ಬಾರಿಸಿದರೆ ಇದೆ, ಅದನ್ನು ಅಕ್ಕ ಈಗಲೂ ಒಪ್ಪುತ್ತಾರೆ. “ದೊಡ್ಡದು ಎದೆಗೆ ಬಂದು ಹೊಡೆಯುತ್ತೆ. ಆದ್ರೆ ನನ್ನೊಬ್ಬಳ ಎದೆಗೆ. ಮೈಕಿಂದ, ಸ್ಪೀಕರಿಂದ ಜನರ ಕಿವಿಗೆ ಹೋಗೋ ಹೊತ್ತಿಗೆ ಅದೂ ಇದೂ ಒಂದೇ. ಜನಕ್ಕೋಸ್ಕರ ಅಂತ ಹೊರಿಸಿದೆ. ಹೊರಿಸಿದ್ದು ನನಗೋಸ್ಕರ.” ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾ ಅವರು ಮುಂದಿರುವ ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಮೇಲೆ ಬೆರಳು ತಟ್ಟಿ ನೋಡುತ್ತಾರೆ. ಸದ್ದು ಚೆನ್ನಾಗಿಯೇ ಇದೆ.

ಹಗುರದ ಸೆಟ್ ಬಂದ ಮೇಲೆ ಕರೆಗಳು ಮತ್ತೆ ಹೆಚ್ಚಿವೆ. ವಾರಕ್ಕೆ ನಾಲ್ಕು ಕಾರ್ಯಕ್ರಮವಾದರೂ ಇರುತ್ತವೆ, ಒಮ್ಮೊಮ್ಮೆ ಒಂದೇ ದಿನ ಎರಡು. ದೊಡ್ಡದು ಮನೆಯ ಮುಂದಿನ ಕೋಣೆಯನ್ನು ಅರ್ಧ ನುಂಗಿ ಕೂತಿದೆ. ಮಾರಿಬಿಡೋಣ, ಕಣ್ಣೆದುರು ಇರುವುದು ಬೇಡ ಅಂತ ಅಕ್ಕ. ಇರಲಿ, ಅದು ನಿನ್ನ ಆಸೆಯದು ಅಂತ ಭಾವ. ರಜೆಯ ದಿನ ಎಡಗೈಯಲ್ಲಿ ಬಟ್ಟೆ ಹಿಡಿದು ಅದರ ಹೊಳಪು ಒರೆಸುತ್ತಾರೆ. ಅಕ್ಕ ಆಗ ಅಡುಗೆಮನೆ ಬಿಟ್ಟು ಹೊರಗೆ ಬರುವುದಿಲ್ಲ.

ರಸ್ತೆಯ ಆ ತುದಿಯಲ್ಲಿ ಸೀಟಿ ಕೇಳಿಸುತ್ತದೆ. ಹಾಡುವವರು ಕಣ್ಣುಜ್ಜುತ್ತಾ ಬಂದು ಮೈಕ್ ಹಿಡಿಯುತ್ತಾರೆ. ಭಾವ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ವೇದಿಕೆಯ ಅಂಚಿನಲ್ಲಿಟ್ಟು, ಎದುರಿನ ಪಾದಚಾರಿ ದಾರಿಗೆ ಹೋಗಿ ನಿಲ್ಲುತ್ತಾರೆ.

ಇನ್ನೇನು ಆಸೆ ಇದೆ ನಿಮಗೆ, ದೊಡ್ಡ ವೇದಿಕೆಯೇ, ಪ್ರಶಸ್ತಿಯೇ ಎಂದು ಕೇಳಿದರೆ ಅಕ್ಕ ಕೋಲುಗಳನ್ನು ಕೈಗೆತ್ತಿಕೊಂಡು ಗಂಡನ ಕಡೆ ನೋಡುತ್ತಾರೆ.

“ಅವ್ರು ಒಂದೇ ಒಂದು ಸಲ, ‘ನಾನು ಆವತ್ತೇ ಹೇಳಿರಲಿಲ್ವಾ’ ಅಂತ ಬೈದುಬಿಡ್ಲಿ ಸಾಕು. ಊರಿಗೆಲ್ಲ ಕೇಳೋ ಹಾಗೆ ಬೈಲಿ. ಕಾಯ್ತಾ ಇದ್ದೀನಿ. ಬೈಯೋದೇ ಇಲ್ಲವಲ್ಲ.”