ಹಾಲಿನ ಮೇಲಿನ ನೀಲಿ ಉಂಗುರ

ಹಾಲಿನ ನಳಿಕೆಯನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು ಒಂದು ಗಂಟೆ ಸುಮ್ಮನೆ ಕೂರುವ ಸರ್ಕಾರಿ ನೌಕರನನ್ನು ಕಂಡರೆ ಊರಿನವರಿಗೆ ಗೌರವ ಹುಟ್ಟುವುದಿಲ್ಲ, ಕನಿಕರ ಹುಟ್ಟುತ್ತದೆ. ಎಂಬತ್ತರ ದಶಕದ ಆರಂಭದಲ್ಲಿ ಪಶುವೈದ್ಯರ ಸಹಾಯಕನಾಗಿ ವಕ್ಕಲೇರಿಯ ಸುತ್ತಮುತ್ತ ಸೈಕಲ್ ತುಳಿಯುತ್ತಿದ್ದ ನಾನು, ಆ ಕನಿಕರವನ್ನು ಸಂಬಳದ ಜೊತೆ ಸಿಗುವ ಭತ್ಯೆಯೆಂದೇ ಭಾವಿಸಿದ್ದೆ.

ಆಗ ಆ ಕಡೆ ಹಸುಗಳು ಕಂದು ಹಾಕುತ್ತಿದ್ದವು, ಅಂದರೆ ದಿನ ತುಂಬುವ ಮೊದಲೇ ಗರ್ಭ ಕಳೆದುಕೊಳ್ಳುತ್ತಿದ್ದವು. ಅದಕ್ಕೆ ಕಾರಣವಾದ ರೋಗಾಣು ಹಸಿ ಹಾಲಿನ ಮೂಲಕ ಮನುಷ್ಯರಿಗೂ ದಾಟುತ್ತದೆ, ಬಸುರಿಯರಿಗಂತೂ ಅಪಾಯ. ಹಾಲಿನ ಪರೀಕ್ಷೆಗೆಂದು ನಾನು ಒಯ್ಯುತ್ತಿದ್ದ ಸೀಸೆಯಲ್ಲಿದ್ದದ್ದು ನೀಲಿ ಬಣ್ಣದಲ್ಲಿ ಅದ್ದಿದ ಅದೇ ರೋಗಾಣುಗಳ ಹೆಣ. ರೋಗಾಣುವಿನ ಮೈಮೇಲಿನ ಗುರುತಿಗೆ ಪ್ರತಿಜನಕವೆಂಬ ಗಂಭೀರ ನಾಮಧೇಯವಿದೆ. ಆ ಗುರುತನ್ನು ಒಮ್ಮೆ ಕಂಡ ಹಸುವಿನ ದೇಹ ಅದನ್ನು ಹಿಡಿಯಲೆಂದೇ ಪ್ರತಿಕಾಯಗಳನ್ನು ತಯಾರಿಸಿ ಹಾಲಿಗೂ ಬಿಡುತ್ತದೆ. ನಳಿಕೆಯನ್ನು ಒಂದು ಗಂಟೆ ಮೈಬಿಸಿಯಲ್ಲಿಟ್ಟರೆ, ಸತ್ತವರೆಂಬ ರಿಯಾಯಿತಿಯನ್ನೂ ತೋರದೆ ಅವು ನನ್ನ ನೀಲಿ ಹೆಣಗಳನ್ನು ಹಿಡಿದು ಗುಂಪುಗೂಡಿಸಿ ಕೆನೆಯೊಂದಿಗೆ ಮೇಲಕ್ಕೆ ಒಯ್ಯುತ್ತವೆ. ಅಲ್ಲಿ ನೀಲಿ ಉಂಗುರ ಕಂಡರೆ ಹಸುವಿಗೆ ರೋಗ ತಗುಲಿದೆಯೆಂದು ಲೆಕ್ಕ. ನನ್ನ ಸಮಸ್ತ ಪಾಂಡಿತ್ಯ ಇಷ್ಟೇ.

ಮುನಿಯಮ್ಮನ ಮನೆಗೆ ಹೋದಾಗ ಅವಳ ಮಗಳು, ಏಳು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಸ್ವಲ್ಪ ಹಾಲು ಕೇಳಿದೆ. ಲೋಟದ ತುಂಬ ಬಂತು. ನಳಿಕೆಗೆ ಒಂದಿಷ್ಟು ಸುರಿದು ನೀಲಿ ಹನಿ ಬಿಟ್ಟು ಕಾದೆ. ಉಂಗುರ ಏಳಲಿಲ್ಲ. "ನಿಮ್ಮ ಹಸು ಬಂಗಾರ ಕಣಮ್ಮ" ಎಂದು ಘೋಷಿಸಿ, ನನ್ನ ತೀರ್ಪಿನ ಮೇಲೆ ನನಗಿದ್ದ ವಿಶ್ವಾಸದಿಂದ ಲೋಟದಲ್ಲಿ ಉಳಿದಿದ್ದ ಹಾಲನ್ನು ಕುಡಿದೆ. ಸಿಹಿಯಾಗಿತ್ತು.

"ಸಕ್ಕರೆ ಸಾಕಾ ಸಾರ್?" ಎಂದಳು ಮುನಿಯಮ್ಮ. "ಆಫೀಸರ್ ಬಂದವ್ರೆ, ಹಸಿ ಹಾಲು ಕೊಡೋಕಾಯ್ತದಾ? ಕಾಯಿಸಿ, ಕೆನೆ ತೆಗೆದು ಕೊಟ್ಟೆ."

ಹಾಲು ಕೇಳಿದವನು ಕುಡಿಯಲೆಂದೇ ಕೇಳುತ್ತಾನೆಂಬುದು ಆ ಸೀಮೆಯ ಸೌಜನ್ಯ. ಕೆನೆಯಿಲ್ಲದೆ ಉಂಗುರ ಏಳದು, ಕುದಿಸಿದರೆ ಪ್ರತಿಕಾಯಗಳು ಕೆಡುತ್ತವೆಂಬುದು ಶಾಸ್ತ್ರ. ಇವೆರಡರ ನಡುವೆ ಪೆದ್ದನಾದವನು ನಾನು. ಹಸಿ ಹಾಲನ್ನೇ ಪಡೆದು ಮತ್ತೊಂದು ಗಂಟೆ ಕಂಕುಳು ಬಿಗಿಹಿಡಿದು ಕೂತೆ. ಈ ಸಲ ಉಂಗುರ ಎದ್ದಿತು, ಗಾಢ ನೀಲಿ.

"ಮಗಳು ಹಾಲು ಕುಡೀತಾಳಾ?"

"ದಿನಾ ಕುಡೀತಾಳೆ ಸಾರ್. ಕರೆದಂಗೇ, ನೊರೆ ಇರೋವಾಗ್ಲೇ ಕೊಡ್ತೀನಿ. ಬಸುರಿ ಅಮ್ಮಣ್ಣಿಗೆ ಬಲ ಬರ್ಲಿ ಅಂತ."

ನನಗೆ ನಿಜಕ್ಕೂ ಹೆದರಿಕೆಯಾಯಿತು. ಇನ್ನು ಮೇಲೆ ಚೆನ್ನಾಗಿ ಕುದಿಸಿಯೇ ಕೊಡಬೇಕೆಂದೂ, ಮಾರನೆಯ ದಿನವೇ ಕೋಲಾರದಲ್ಲಿ ಮಗಳ ರಕ್ತ ತೋರಿಸಬೇಕೆಂದೂ ಹೇಳಿದೆ.

ರಕ್ತದಲ್ಲಿ ಏನೂ ಇಲ್ಲವೆಂಬ ಚೀಟಿ ಬಂದ ದಿನ ನಾನೂ ಅವರ ಮನೆಯಲ್ಲಿದ್ದೆ. ಮಗಳು ನಕ್ಕಳು, ನಾನೂ ನಕ್ಕೆ. ಮುನಿಯಮ್ಮ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

"ದಾರೀಲಿ ಬಂದ ನಿಮಗೆ ಕಾಯಿಸಿ ಕೊಟ್ಟೆ ಸಾರ್," ಎಂದಳು. "ಹೊಟ್ಟೇಲಿ ಹುಟ್ಟಿದವಳಿಗೆ ಹಸೀದು ಕೊಟ್ಟೆ."