ಅಕ್ಕನ ಇಸ್ತ್ರಿ, ಭಾವನ ಹೆಸರು

ನಮ್ಮ ಭಾವನನ್ನು ಬೀದಿಯವರೆಲ್ಲ ‘ಬೋರ್ಡು ಮೇಷ್ಟ್ರು’ ಅನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮೇಷ್ಟ್ರಂತೆ ಮೇಷ್ಟ್ರು! ಹನ್ನೊಂದು ವರ್ಷದಿಂದ ಅಡುಗೆಮನೆಯ ಕಟ್ಟೆಯ ಮೇಲೆ ಯಂತ್ರಗಳೊಳಗಿನ ಆ ಸರ್ಕ್ಯೂಟ್ ಬೋರ್ಡುಗಳನ್ನು ಒತ್ತುತ್ತಿರುವವಳು ನಮ್ಮಕ್ಕ, ಊರವರ ಬಟ್ಟೆಗೆ ಇಸ್ತ್ರಿ ಹಾಕಿ ಸಂಸಾರ ತೂಗಿಸಿದವಳು.

ಕಂಪ್ಯೂಟರಿನಲ್ಲಿ ಕರೆಂಟು ಹರಿಯುವ ದಾರಿಯ ಗೆರೆ ಎಳೆಯುವುದು ಭಾವನೇ, ಇಲ್ಲ ಅನ್ನುವುದಿಲ್ಲ. ಆದರೆ ನುಣುಪು ಕಾಗದದಲ್ಲಿ ಅಚ್ಚಾದ ಗೆರೆಗಳು ತಾಮ್ರದ ಹಲಗೆಗೆ ಇಳಿಯಬೇಕಲ್ಲ? ಕಾಗದವನ್ನು ಬೋರಲು ಹಾಕಿ ಕಾದ ಇಸ್ತ್ರಿಪೆಟ್ಟಿಗೆ ಒತ್ತಿದರೆ ಅಚ್ಚಿನ ಕಪ್ಪು ಪುಡಿ ಕರಗಿ ತಾಮ್ರಕ್ಕೆ ಅಂಟುತ್ತದೆ. ಭಾವ ಅಂಗಿ ತೀಡಿದ ಹಾಗೆ ತೀಡುತ್ತಾರೆ, ಗೆರೆಯೆಲ್ಲ ಕಲಸಿಹೋಗುತ್ತದೆ. ಹಲಗೆ ಆರುವವರೆಗೆ ಕಾಯುವ ತಾಳ್ಮೆಯೂ ಇಲ್ಲ. ಅಕ್ಕ ತೀಡುವುದಿಲ್ಲ. ಪೆಟ್ಟಿಗೆ ಎತ್ತಿ ಎತ್ತಿ ಇಟ್ಟು, ಮೈಭಾರ ಬಿಟ್ಟು ಒತ್ತುತ್ತಾಳೆ.

ಯಂತ್ರ ರಿಪೇರಿಯ ಕಾರ್ಖಾನೆಯೊಂದರಲ್ಲಿ ಬೋರ್ಡು ಮಾಡುವ ಕಾಯಂ ಕೆಲಸವೊಂದು ಖಾಲಿ ಬಿತ್ತು. ಮಂದಿಯ ಬಟ್ಟೆ ಒತ್ತಿ ಸಾಕಾಗಿದ್ದ ಅಕ್ಕನಿಗೆ ಅದು ಬೇಕೇ ಬೇಕಿತ್ತು. ಭಾವ ತಮ್ಮ ಹೆಸರಲ್ಲಿ ಅರ್ಜಿ ಹಾಕಿದರು. ಯಾರಿಗೆ ಸಿಕ್ಕರೇನು, ಬರುವುದು ಮನೆಗೇ ಅಲ್ಲವಾ ಅಂದರು. ಎಂಥ ನ್ಯಾಯ!

ಕಾರ್ಖಾನೆಯಲ್ಲಿ ಕೆಲಸದ ಪರೀಕ್ಷೆಯ ದಿನ ಇಸ್ತ್ರಿಪೆಟ್ಟಿಗೆ ಹೊರಲು ಅಕ್ಕ, ನೀರಿನ ಟ್ರೇ ಹಿಡಿಯಲು ನಾನು. ಭಾವ ಮೇಲ್ವಿಚಾರಕರ ಎದುರು ಗಸಗಸ ತೀಡಿ, ಬಿಸಿಯಲ್ಲೇ ಕಾಗದ ಕಿತ್ತರು. ಗೆರೆಗಳೂ ಕಾಗದದ ಜೊತೆ ಎದ್ದು ಬಂದವು. ಪೆಟ್ಟಿಗೆ ಸರಿಯಿಲ್ಲ, ಇವಳು ನೋಡಿಕೊಳ್ಳುವುದಿಲ್ಲ ಎಂದು ನಾಚಿಕೆಯಿಲ್ಲದೆ ಅಕ್ಕನ ಮೇಲೆ ಹಾಕಿದರು.

ಅಕ್ಕ ಮುಂದೆ ಬಂದು ಪೆಟ್ಟಿಗೆ ಕೈಗೆತ್ತಿಕೊಂಡಳು. ಅದೇ ಪೆಟ್ಟಿಗೆಯಲ್ಲಿ ಇನ್ನೊಂದು ಹಲಗೆ ಒತ್ತಿದಳು. ಕಾಗದಕ್ಕೆ ಕೈಹಾಕಲು ಬಂದ ಭಾವನ ಕೈ ಸರಿಸಿ, ಹಲಗೆ ತಣ್ಣಗಾಗುವವರೆಗೆ ಕಾದಳು. ಆಮೇಲೆ ನೀರಲ್ಲಿ ನೆನೆಸಿ ಹೆಬ್ಬೆರಳಿನಿಂದ ಕಾಗದ ಉಜ್ಜಿ ತೆಗೆದಳು. ಒಂದು ಗೆರೆಯೂ ಕದಲಿರಲಿಲ್ಲ.

ಮೇಲ್ವಿಚಾರಕರಿಗೆ ಖುಷಿಯಾಯಿತು. ಭಾವನ ಬೆನ್ನು ತಟ್ಟಿ, ಸೋಮವಾರದಿಂದ ಬನ್ನಿ, ಬೇಕಾದರೆ ಹೆಂಡತಿಯನ್ನೂ ಸಹಾಯಕ್ಕೆ ಕರೆತನ್ನಿ ಅಂದರು. ನನ್ನ ಕೈಯಲ್ಲಿದ್ದ ಟ್ರೇಯ ನೀರನ್ನು ಆ ಮೇಲ್ವಿಚಾರಕರ ತಲೆಯ ಮೇಲೆ ಸುರಿಯೋಣ ಅನ್ನಿಸಿತು.

ಅಕ್ಕ ಪೆಟ್ಟಿಗೆಯ ವೈರು ಸುತ್ತಿದಳು.

“ನಾನು ಬರಲ್ಲ ಸಾರ್. ಇನ್ನೊಂದು ಹಲಗೆ ಕೊಡಿ, ಇವರೊಬ್ಬರೇ ಮಾಡ್ಲಿ.”

ಮೇಲ್ವಿಚಾರಕರು ಹಲಗೆ ಇಟ್ಟರು. ಭಾವ ಅದನ್ನು ನೋಡಿದರು, ಅಕ್ಕನನ್ನು ನೋಡಿದರು. ಹಲಗೆ ಮುಟ್ಟಲಿಲ್ಲ.

“ಅವಳ ಹೆಸರೇ ಬರ್ಕೊಳ್ಳಿ,” ಅಂದರು.

ಇಷ್ಟು ಹೇಳಲು ಆ ಮನುಷ್ಯನಿಗೆ ಹನ್ನೊಂದು ವರ್ಷ ಬೇಕಾಯಿತು.