ಕತ್ತರಿಸಿ ಹಾಕಿದ ಹಳೆಯ ಕಾಯಿಲ್

1996ರಲ್ಲಿ, ಎಂಟನೇ ತರಗತಿಯ ಅರ್ಧದಲ್ಲಿ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹಿಂದೂಪುರದ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿತು, ಹತ್ತು ವರ್ಷದ ಮೇಲೆ ಅದೇ ರಸ್ತೆಯಲ್ಲಿ ಸ್ವಂತ ಅಂಗಡಿ ಹಾಕಿದೆ. ಬೋರ್‌ವೆಲ್ ಮೋಟಾರು, ಮಿಕ್ಸಿ, ಫ್ಯಾನು, ಸುಟ್ಟದ್ದು ಏನೇ ಬಂದರೂ ಹೊಸ ತಂತಿ ಸುತ್ತಿ ಓಡಿಸಿ ಕಳಿಸುತ್ತಿದ್ದೆ. ಎಂಜಿನಿಯರಿಂಗ್ ಓದಿದವರು ಕೈಬಿಟ್ಟ ಮೋಟಾರುಗಳೂ ನನ್ನ ಕೈಯಲ್ಲಿ ತಿರುಗಿವೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಗಿಟಾರ್ ಪಿಕಪ್ ಕೆಲಸ ನನಗೆ ಬಂದದ್ದು ಆರ್ಕೆಸ್ಟ್ರಾದವರಿಂದ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಬೆರಳುದ್ದದ ಒಂದು ಡಬ್ಬಿ ಇರುತ್ತದೆ. ಒಳಗೆ ಆರು ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿ, ಏಳೆಂಟು ಸಾವಿರ ಸುತ್ತು. ಮೇಲಿನ ಉಕ್ಕಿನ ತಂತಿ ನಡುಗಿದರೆ ಈ ಕಾಯಿಲ್‌ನಲ್ಲಿ ಚೂರು ಕರೆಂಟ್ ಹುಟ್ಟಿ, ಆಂಪ್ಲಿಫೈಯರಿಗೆ ಹೋಗಿ ಸದ್ದಾಗುತ್ತದೆ. ಅದೇ ಪಿಕಪ್. ಸುತ್ತುವ ಕೆಲಸ ಯಾವುದಾದರೂ ಸುತ್ತುವ ಕೆಲಸವೇ ಎಂದು ನಾನು ಒಪ್ಪಿಕೊಳ್ಳುತ್ತಿದ್ದೆ.

2023ರ ಫೆಬ್ರವರಿಯಲ್ಲಿ ಕಲ್ಯಾಣದುರ್ಗದ ಓಬಳೇಶ ಎಂಬ ಗಿಟಾರಿಸ್ಟ್ ಬಂದ. ಅವನ ಅಕ್ಕನ ಗಂಡ ರುದ್ರಪ್ಪ ಅಲ್ಲಿ ಮದುವೆ, ಉತ್ಸವಗಳಿಗೆ ಆರ್ಕೆಸ್ಟ್ರಾ ನಡೆಸುತ್ತಿದ್ದ. ಓಬಳೇಶ ತಂದ ಗಿಟಾರಿನಲ್ಲಿ ಇದ್ದದ್ದು ಒಂದೇ ಪಿಕಪ್.

“ಈರಣ್ಣಾ, ಇದು ಟ್ರಾನ್ಸ್‌ಫಾರ್ಮರ್ ತರ ಗುಂಯ್ ಅಂತದೆ,” ಎಂದ. “ಭಕ್ತಿಗೀತೆಗೆ ತೆಳ್ಳಗೆ ಬೇಕು, ಡ್ಯಾನ್ಸ್ ಹಾಡಿಗೆ ದಪ್ಪಕ್ಕೆ ಬೇಕು. ಒಂದೇ ಗಿಟಾರಲ್ಲಿ ಎರಡೂ ಬರಂಗೆ ಮಾಡ್ಕೊಡು. ಹಳೇದು ತೆಗೆದ್ಬುಡು.”

ಒಂದೇ ಕಾಯಿಲ್ ಇದ್ದರೆ ಅದು ಸುತ್ತಲಿನ ಕರೆಂಟಿನ ಸದ್ದನ್ನೂ ಹಿಡಿಯುತ್ತದೆ. ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ವಿರುದ್ಧವಾಗಿ ಸುತ್ತಿ, ಅಯಸ್ಕಾಂತಗಳನ್ನೂ ತಿರುವುಮುರುವು ಮಾಡಿ ಜೋಡಿಸಿದರೆ ಆ ಗುಂಯ್ ಸದ್ದು ಅಳಿದು ಹಾಡು ಮಾತ್ರ ದಪ್ಪಗೆ ಉಳಿಯುತ್ತದೆ. ಇದು ಹಂಬಕರ್. ನಾಬ್ ಎಳೆದರೆ ಒಂದು ಕಾಯಿಲ್ ಬಂದ್ ಆಗುವ ಸ್ವಿಚ್ ಇಟ್ಟರೆ ತೆಳು ಸದ್ದೂ ಸಿಗುತ್ತದೆ. ಆಗ ಚೂರು ಗುಂಯ್ ಇರುತ್ತದೆ ಎಂದೂ ಅವನಿಗೆ ಹೇಳಿದೆ. ನಾಲ್ಕು ದಿನ ಹಿಡಿಯಿತು. 42 ಗೇಜಿನ ಆ ಸಣ್ಣ ತಂತಿ ಎರಡು ಸಲ ತುಂಡಾಯಿತು. ಗಿಟಾರಿನ ಮರದಲ್ಲಿ ಪಿಕಪ್ ಕೂರುವ ಗುಂಡಿಯನ್ನು ಉಳಿಯಿಂದ ಅಗಲ ಮಾಡಿ ಕೂರಿಸಿ ಮೀಟರ್ ಹಿಡಿದಾಗ 8.1 ಕಿಲೋ ಓಮ್ ತೋರಿಸಿತು, ಬೇಕಾದ ಲೆಕ್ಕ ಅದೇ. ಅಂಥ ಕೆಲಸ ನಾನು ಅದಕ್ಕೂ ಮೊದಲು ಮಾಡಿರಲಿಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ರೂಢಿ ಹೇಳಬೇಕು. ವೈಂಡಿಂಗಿಗೆ ಬಂದ ಮೋಟಾರಿನಿಂದ ತೆಗೆದ ಹಳೆಯ ತಾಮ್ರ ಸುತ್ತುವವನಿಗೆ ಸೇರಿದ್ದು. ರೈತ ಕೇಳುವುದಿಲ್ಲ, ನಾವು ಕೊಡುವುದಿಲ್ಲ. ಹೊಸ ಪಿಕಪ್ಪಿಗೆ ಹನ್ನೆರಡು ಅಯಸ್ಕಾಂತದ ಕಡ್ಡಿ ಬೇಕಿತ್ತು, ನನ್ನ ಬಳಿ ಆರೇ ಇದ್ದವು. ಹಳೆಯ ಕಾಯಿಲ್‌ಗೆ ಬ್ಲೇಡ್ ಹಾಕಿ ಸೀಳಿ, ಕಡ್ಡಿ ಬಿಡಿಸಿಕೊಂಡು, ತಂತಿಯನ್ನು ತಾಮ್ರದ ಚೀಲಕ್ಕೆ ಎಸೆದೆ. ಅದು ಸುಟ್ಟಿರಲಿಲ್ಲ, ಕೆಟ್ಟಿರಲೂ ಇಲ್ಲ. ನನ್ನ ಕೈ ಅದನ್ನು ಯೋಚಿಸಲೇ ಇಲ್ಲ.

ಬ್ರಹ್ಮಸಮುದ್ರದ ಕಡೆ ಅವರ ಆರ್ಕೆಸ್ಟ್ರಾದ ಮದುವೆ ಕಾರ್ಯಕ್ರಮಕ್ಕೆ ಇನ್ನೊಂದೇ ದಿನ ಇತ್ತು. ನನ್ನ ಕೆಲಸದ ಸದ್ದನ್ನು ನಾನೇ ಕೇಳಬೇಕೆಂದು, ಗಿಟಾರ್ ಹಿಡಿದು ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಹೋದೆ. ಮಧ್ಯಾಹ್ನದ ಹೊತ್ತು. ಪ್ರಾಕ್ಟೀಸ್ ಶೆಡ್ಡಿನಲ್ಲಿ ಓಬಳೇಶ, ವ್ಯಾನ್ ಡ್ರೈವರ್ ಜೊತೆ ರುದ್ರಪ್ಪ ಕುಳಿತಿದ್ದ. ಐವತ್ತರ ಆಸುಪಾಸಿನ ದಪ್ಪ ಆಳು. ಗಿಟಾರ್ ಕೈಗೆ ತೆಗೆದುಕೊಂಡವನು ತಂತಿ ಮುಟ್ಟಲಿಲ್ಲ, ಹೊಸ ಪಿಕಪ್ ನೋಡಿದ.

“ಇದರಾಗೆ ಇದ್ದಿದ್ದು ಎಲ್ಲಿ?”

“ತೆಗೆದು ಹಾಕ್ದೆ ಸ್ವಾಮಿ. ಇದು ಅದಕ್ಕಿಂತ...”

ಕೆನ್ನೆಗೆ ಬಿದ್ದ ಏಟಿಗೆ ಮಾತು ಅಲ್ಲೇ ನಿಂತಿತು. ಗಿಟಾರ್ ಓಬಳೇಶನದಲ್ಲ, ರುದ್ರಪ್ಪನದು, ಇಪ್ಪತ್ತು ವರ್ಷ ಅವನೇ ನುಡಿಸಿದ್ದು ಎಂದು ನನಗೆ ಗೊತ್ತಾದದ್ದು ಆಗ, ಅವನ ಬೈಗುಳದಿಂದ. ನಾನು ಓಬಳೇಶನ ಮುಖ ನೋಡಿದೆ.

“ಗುಂಯ್ ಅನ್ನದೊಂದು ನೋಡು ಅಂದಿದ್ದೆ ಭಾವ,” ಎಂದ ಅವನು, ನೆಲ ನೋಡುತ್ತ. “ಬದಲಾಯ್ಸು ಅನ್ನಲಿಲ್ಲ.”

“ಫಾರಿನ್ ಮಾಲು ಇಟ್ಕಂಡು ಮಿಕ್ಸಿ ತಂತಿ ಸುತ್ತಿ ತಂದವ್ನೆ,” ಎಂದ ರುದ್ರಪ್ಪ. “ದೊಂಗ ನನ್ಮಗ.”

ಹಿಂದೂಪುರದಲ್ಲಿ ಯಾರೂ ನನ್ನನ್ನು ಕಳ್ಳ ಎಂದಿರಲಿಲ್ಲ. ರುದ್ರಪ್ಪನ ಕುತ್ತಿಗೆಪಟ್ಟಿ ಹಿಡಿದೆ. ಅವನು ಮೈಕ್ ಸ್ಟ್ಯಾಂಡಿನ ಪೈಪು ಬಿಚ್ಚಿ ಭುಜಕ್ಕೆ ಎರಡು, ಮೊಣಕಾಲಿಗೆ ಒಂದು ಬಿಟ್ಟ. ಬಿದ್ದೆ. ಬಿದ್ದವನಿಗೆ ಪಕ್ಕೆಗೆ ಒದ್ದ. ವ್ಯಾನ್ ಡ್ರೈವರ್ ಹಿಡಿಯಲು ಬಂದಾಗ ಅವನ ಮಣಿಕಟ್ಟು ಕಚ್ಚಿದೆ. ರಕ್ತದ ಉಪ್ಪು ನಾಲಿಗೆಗೆ ಬಂತು. ಕೊನೆಗೆ ಮೈಕಿನ ಕೇಬಲಿನಿಂದಲೇ ನನ್ನ ಕೈ ಕಟ್ಟಿದರು.

“ಮಾಲು ಎಲ್ಲಿ ಮಾರಿದ್ದೀಯ, ಹೇಳು.”

“ಮಾರಿಲ್ಲ. ಅಂಗಡಿ ಚೀಲದಾಗೈತೆ.”

“ನಡಿ, ತೋರ್ಸು.”

ವ್ಯಾನಿನಲ್ಲಿ ಗಿಟಾರಿನ ಜೊತೆ ನನ್ನನ್ನೂ ಹಾಕಿಕೊಂಡರು. ದಾರಿಯುದ್ದಕ್ಕೂ ರುದ್ರಪ್ಪ ನೆನಪಾದಾಗಲೆಲ್ಲ ಹೊಡೆಯುತ್ತಿದ್ದ. ಪೆನುಕೊಂಡದಲ್ಲಿ ಡೀಸೆಲ್ ಹಾಕಿಸಲು ನಿಂತಾಗ ಹತ್ತು ಮಾರು ದೂರದಲ್ಲಿ ಜನ ಟೀ ಕುಡಿಯುತ್ತಿದ್ದರು. ಕೂಗಬಹುದಿತ್ತು. ರುದ್ರಪ್ಪ ನನ್ನ ಕಡೆ ಬೆರಳು ತೋರಿಸಿ ಕಳ್ಳ ಎಂದರೆ ಆ ಜನವೂ ಸೇರಿ ಹೊಡೆಯುತ್ತಾರೆಂದು ಸುಮ್ಮನಿದ್ದೆ.

ಅಂಗಡಿಯಲ್ಲಿ ಚೀಲ ಸುರಿದರು. ದಪ್ಪ ಮೋಟಾರ್ ತಂತಿಗಳ ನಡುವೆ ಆ ಕಾಯಿಲ್ ಬಾಚಣಿಗೆಯಿಂದ ತೆಗೆದ ಕೂದಲಿನ ಉಂಡೆಯಂತೆ ಬಿದ್ದಿತ್ತು. ರುದ್ರಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ನಾನು ಕದ್ದಿಲ್ಲವೆಂದು ಅವನಿಗೆ ಗೊತ್ತಾಯಿತು. ಇನ್ನು ಬಿಡುತ್ತಾನೆಂದುಕೊಂಡೆ.

“ಕತ್ತರಿಸ್ಬುಟ್ಟಿದ್ದೀಯ,” ಎಂದ, ಮೆಲ್ಲಗೆ.

ನನ್ನ ಕೈ ಬಿಚ್ಚಿಸಿ, ಎಡಗೈಯನ್ನು ಮೇಜಿನ ಮೇಲಿನ ವೈಸ್‌ನ ಎರಡು ದವಡೆಗಳ ನಡುವೆ ಇಟ್ಟು ಹಿಡಿ ತಿರುಗಿಸಿದ. ಕಬ್ಬಿಣದ ಪೈಪನ್ನೂ ಅಲುಗದಂತೆ ಹಿಡಿಯುವ ವೈಸ್ ಅದು, ನಾನೇ ಕೊಂಡದ್ದು. ನಡುಬೆರಳು, ಉಂಗುರ ಬೆರಳು ಒಳಗೆ ಸಿಕ್ಕಿದವು. ಎರಡನೇ ಸಲ ತಿರುಗಿಸಿದಾಗ ಒಂದು ಮೂಳೆ ಮುರಿದದ್ದು ಕಿವಿಗೇ ಕೇಳಿಸಿತು. ಬಲಗೈಗೆ ಮರದ ಸುತ್ತಿಗೆ ಸಿಕ್ಕಿತು. ಅವನ ಕಿವಿಯ ಮೇಲೆ ಬೀಸಿ ಹೊಡೆದೆ. ರಕ್ತ ಕುತ್ತಿಗೆಗೆ ಇಳಿಯಿತು. ಆದರೂ ಅವನು ಹಿಡಿ ಬಿಡಲಿಲ್ಲ, ಮತ್ತೆ ತಿರುಗಿಸಿದ. ಈ ಕೈ ಹೋದರೆ ನಾನು ತಂತಿ ಸುತ್ತುವುದು ಯಾವುದರಿಂದ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

“ಬುಡು ಭಾವ,” ಎಂದು ಓಬಳೇಶ ಅಳುತ್ತ ಅವನ ತೋಳಿಗೆ ಜೋತುಬಿದ್ದ. “ತೆಗಿ ಅಂದಿದ್ದು ನಾನೇ. ಕೇಳಿದ್ರೆ ನೀನು ಬೇಡ ಅಂತೀಯ ಅಂತ ಹೇಳ್ದೆ ತಂದೆ.”

ರುದ್ರಪ್ಪ ಹಿಡಿ ಬಿಟ್ಟು ಅವನ ಕಡೆ ತಿರುಗಿದ. ಮೂಗು ಒಡೆಯುವ ತನಕ ಹೊಡೆದ. ನಾನು ಬಲಗೈಯಲ್ಲಿ ವೈಸ್ ಸಡಿಲಿಸಿ ಎಡಗೈಯನ್ನು ಈಚೆಗೆ ತೆಗೆದುಕೊಂಡೆ.

“ನುಡ್ಸಿ ನೋಡು,” ಎಂದೆ ರುದ್ರಪ್ಪನಿಗೆ. “ನನ್ನ ಕೆಲಸ ಕೆಟ್ಟಿದ್ರೆ ಇನ್ನೊಂದು ಕೈನೂ ಇಡ್ತೀನಿ.”

ಟೆಸ್ಟ್ ಮಾಡುವ ಸಣ್ಣ ಆಂಪ್ಲಿಫೈಯರ್ ಅಂಗಡಿಯಲ್ಲೇ ಇತ್ತು. ರುದ್ರಪ್ಪ ಕಿವಿಯ ರಕ್ತ ಒರೆಸದೆ ಸ್ಟೂಲಿನ ಮೇಲೆ ಕುಳಿತು ನುಡಿಸಿದ. ಗುಂಯ್ ಇರಲಿಲ್ಲ. ಸದ್ದು ದಪ್ಪಗೆ, ತುಂಬಿ ಬಂತು. ನಾಬ್ ಎಳೆದ, ತೆಳ್ಳಗಾಯಿತು. ಒಂದೇ ಸಾಲನ್ನು ಹತ್ತಾರು ಸಲ ನುಡಿಸಿದ, ಒಂದೊಂದು ಸಲವೂ ತಲೆ ಓರೆ ಮಾಡಿ ಏನನ್ನೋ ಹುಡುಕುವವನಂತೆ. ಆಮೇಲೆ ಗಿಟಾರನ್ನು ಮೇಜಿನ ಮೇಲೆ ಮಲಗಿಸಿದ.

“ಚೆನ್ನಾಗೈತೆ,” ಎಂದ. “ನಂದಲ್ಲ.”

ಕತ್ತರಿಸಿದ ಆ ತಂತಿಯ ಉಂಡೆಯನ್ನು ಅಂಗಿ ಜೇಬಿಗೆ ಹಾಕಿಕೊಂಡು ವ್ಯಾನ್ ಹತ್ತಿದ. ಗಿಟಾರನ್ನು ಓಬಳೇಶ ಎತ್ತಿಕೊಂಡು ಹೋದ.

ಠಾಣೆಗೆ ಹೋಗು ಎಂದು ಅಕ್ಕಪಕ್ಕದವರು ಹೇಳಿದರು. ನಾನು ಹೋಗಲಿಲ್ಲ. ಹೊಡೆದದ್ದು ಅವನ ತಪ್ಪು. ಅದನ್ನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಅವನ ಗಿಟಾರಿನ ದನಿಗೆ ಬ್ಲೇಡ್ ಹಾಕಿದ್ದು ನನ್ನ ಕೈ. ಎಷ್ಟು ಒಳ್ಳೆಯ ಕೆಲಸ ಮಾಡಿದರೂ ತೆಗೆದದ್ದು ನಮ್ಮದಾಗುವುದಿಲ್ಲ. ನನ್ನ ಕಸುಬು ನನಗೆ ಕಲಿಸಿದ ಪಾಠ ಇಷ್ಟೇ, ಕಲಿಯಲು ಇಪ್ಪತ್ತೇಳು ವರ್ಷ ಬೇಕಾಯಿತು. ಈಗ ಪಿಕಪ್ ಇರಲಿ, ಸುಟ್ಟ ಮೋಟಾರ್ ಇರಲಿ, ತೆಗೆದದ್ದನ್ನು ಕಾಗದದಲ್ಲಿ ಸುತ್ತಿ ಹೆಸರು ಬರೆದು ವಾಪಸ್ ಕೊಡುತ್ತೇನೆ. ರೈತರು ನಗುತ್ತಾರೆ, ಬೇಡವೆನ್ನುತ್ತಾರೆ. ಆದರೂ ಮೊದಲು ಅವರ ಕೈಗೇ ಇಡುತ್ತೇನೆ.

ಈಗ ನನ್ನ ಬಳಿ ಇರುವುದು: ಒಂದು ಅಂಗಡಿ, ಎರಡು ವೈಂಡಿಂಗ್ ಮೆಷಿನ್, ಒಂದು ಮೀಟರ್, ಪೂರ್ತಿ ಮಡಿಚುವ ಎಂಟು ಬೆರಳು, ಮಡಿಚದ ಎರಡು.